ಅರವತ್ತನಾಲ್ಕರಲ್ಲಿ ಒಂದು ಪಾಲು

ನನ್ನ ಮೇಜಿನ ಡ್ರಾಯರಿನಲ್ಲಿ ಅಂಗೈಯಗಲದ ಒಂದು ಹಳದಿ ಕಾರ್ಡಿದೆ. ಅದರ ಮೇಲೆ ನಾಲ್ಕು ಸಾಲು. ಮೊದಲನೆಯದರಲ್ಲಿ 61/64, ಆಮೇಲೆ 31/32, ಆಮೇಲೆ 63/64, ಕೊನೆಯದರಲ್ಲಿ ಬರೇ 1. ಮೊದಲ ಸಾಲನ್ನು ಬಿಟ್ಟು ಉಳಿದ ಮೂರರ ಪಕ್ಕದಲ್ಲೂ ಇಂಗ್ಲಿಷಿನಲ್ಲಿ ಗೀಚಿದ ಒಂದೇ ಮಾತು: ಗ್ರಾಹಕರು ಕೇಳಿದ್ದು. ಬೌಲಿಂಗ್ ಚೆಂಡೊಂದರಲ್ಲಿ ನನ್ನ ಬಲಗೈ ಹೆಬ್ಬೆರಳಿಗಾಗಿ ಕೊರೆದ ತೂತಿನ ಅಳತೆ ಇದು, ಅಂಗುಲದ ಲೆಕ್ಕದಲ್ಲಿ. ಮೊದಲ ಸಾಲಿಗೂ ಕೊನೆಯ ಸಾಲಿಗೂ ಇರುವ ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. ಅಷ್ಟು ಸಣ್ಣ ಜಾಗದಲ್ಲಿ ಯಾರ ತಪ್ಪು ಎಷ್ಟೆಂದು ಹಂಚಲು ಕೂತವನನ್ನು ಕಂಡರೆ ನನ್ನ ಹೆಂಡತಿಗೆ ನಗು. ಆದರೂ ಪ್ರಕರಣವನ್ನು ಮೊದಲಿನಿಂದ ಹೇಳಿಬಿಡುತ್ತೇನೆ.

ಜನರಲ್ ಮೋಟರ್ಸ್, ಕ್ರೈಸ್ಲರ್ ಎರಡೂ ದಿವಾಳಿ ಅರ್ಜಿ ಹಾಕಿದ 2009 ಆಗಷ್ಟೇ ಮುಗಿದಿತ್ತು. ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರದ ಉತ್ತರಕ್ಕಿರುವ ಒಂದು ಉಪನಗರದಲ್ಲಿ, ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ನಾನು ಆಗ ಎಂಜಿನಿಯರ್. ಆಫೀಸಿನಲ್ಲಿ ಖಾಲಿ ಕುರ್ಚಿಗಳೇ ಹೆಚ್ಚು. ಉಳಿದುಕೊಂಡವರಿಗೆ ಒಬ್ಬರ ಮುಖ ಒಬ್ಬರು ನೋಡಲು ಏನಾದರೂ ನೆಪ ಬೇಕಿತ್ತೋ ಏನೋ, ಗುರುವಾರ ಸಂಜೆಯ ಬೌಲಿಂಗ್ ಲೀಗಿಗೆ ನನ್ನನ್ನೂ ಎಳೆದುಕೊಂಡರು. ಬೆಂಗಳೂರಿನ ಮಾಲುಗಳಲ್ಲಿ ಮಕ್ಕಳ ಹುಟ್ಟುಹಬ್ಬ ಮಾಡಿದವರಿಗೆ ಗೊತ್ತಿರುವ ಆಟವೇ: 60 ಅಡಿ ಉದ್ದದ ನುಣುಪು ಹಲಗೆಯ ದಾರಿ, ಅದರ ತುದಿಯಲ್ಲಿ ಹತ್ತು ಪಿನ್ನು, ಕೈಯಲ್ಲಿ ಮೂರು ತೂತಿನ ಚೆಂಡು. ಮಿಷಿಗನ್‌ನಲ್ಲಿ ಮಾತ್ರ ಅದು ಹುಟ್ಟುಹಬ್ಬದ ಬಾಬತ್ತಲ್ಲ. ಅಲ್ಲಿನ ಚಳಿಗಾಲ ಐದು ತಿಂಗಳು ಬಿಡುವುದಿಲ್ಲ. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಅರಳಿಕಟ್ಟೆಗೆ ಜನ ಸೇರುವ ಹಾಗೆ ಅಲ್ಲಿಯವರು ಬೌಲಿಂಗ್ ಲೇನಿಗೆ ಸೇರುತ್ತಾರೆ.

ಲೇನಿನವರು ಎಲ್ಲರಿಗೆಂದು ಇಟ್ಟ ಚೆಂಡುಗಳು ಛತ್ರದ ಚಾಪೆಯಿದ್ದ ಹಾಗೆ. ಯಾರ ಬೆರಳಾದರೂ ಹೋಗಲಿ ಎಂದು ತೂತುಗಳನ್ನು ಧಾರಾಳವಾಗಿ ಕೊರೆದಿರುತ್ತಾರೆ. ಹಾಗಾಗಿ ಆಡುವವನು ಚೆಂಡನ್ನು ಹಿಚುಕಿ ಹಿಡಿಯಬೇಕು. ಎರಡು ತಿಂಗಳು ಹಿಚುಕಿದ ಮೇಲೆ ಸಹೋದ್ಯೋಗಿಗಳು, ‘ನಿನ್ನದೇ ಒಂದು ಚೆಂಡು ಮಾಡಿಸಿಕೊ’ ಎಂದರು. ಚೆಂಡು ಕೊಳ್ಳುವುದು ಅಂಗಡಿಯಲ್ಲಿ, ಆದರೆ ಅದು ತೂತಿಲ್ಲದ ಗುಂಡು. ಪ್ರೊ ಶಾಪ್ ಎಂದು ಕರೆಯುವ ಪುಟ್ಟ ಗೂಡಿನಲ್ಲಿ ಕೂತವನು ನಿಮ್ಮ ಕೈ ಅಳೆದು ಕೊರೆದ ಮೇಲಷ್ಟೇ ಅದು ನಿಮ್ಮ ಚೆಂಡು.

ಹಾಗೆ ಕೊರೆಯುವುದರಲ್ಲಿ ಇರುವ ಸೂಕ್ಷ್ಮ ಹೊರಗಿನವರಿಗೆ ಕಾಣುವುದಿಲ್ಲ. ನಡುಬೆರಳು, ಉಂಗುರಬೆರಳು ಒಂದು ಕಡೆ, ಹೆಬ್ಬೆರಳು ಇನ್ನೊಂದು ಕಡೆ. ಇವೆರಡರ ನಡುವಿನ ದೂರಕ್ಕೆ ಸ್ಪ್ಯಾನ್ ಎನ್ನುತ್ತಾರೆ. ತೂತು ಚೆಂಡಿನ ನಟ್ಟನಡುವಿನ ಬಿಂದುವಿಗೆ ನೇರವಾಗಿ ಇಳಿಯಬೇಕೋ, ಅಂಗೈ ಕಡೆಗೆ ವಾಲಬೇಕೋ, ಆಚೆಗೆ ವಾಲಬೇಕೋ ಎಂಬುದು ಪಿಚ್. ಕ್ರಿಕೆಟ್ಟಿನ ಪಿಚ್ ನೆನೆಯಬೇಡಿ, ಗೋಡೆಯ ಗೂಟ ನೆನೆಯಿರಿ. ಮೇಲ್ಮುಖವಾಗಿ ಹೊಡೆದ ಗೂಟದಲ್ಲಿ ಚೀಲ ನಿಲ್ಲುತ್ತದೆ, ಕೆಳಮುಖವಾಗಿ ಹೊಡೆದರೆ ಜಾರುತ್ತದೆ. ಹೆಬ್ಬೆರಳಿನ ತೂತು ಅಂಗೈ ಕಡೆಗೆ ವಾಲಿದರೆ ಚೆಂಡು ಕೈಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಆಚೆಗೆ ವಾಲಿದರೆ ಬೇಗ ಬಿಡುತ್ತದೆ. ಇವೆಲ್ಲ ಆದಮೇಲೆ ತೂತಿನ ಅಗಲ. ಅದಕ್ಕೆ ಒಂದು ಅಂಗುಲವನ್ನು ಅರವತ್ತನಾಲ್ಕು ಪಾಲು ಮಾಡಿ, ಪಾಲಿಗೊಂದರಂತೆ ಡ್ರಿಲ್ ಬಿಟ್ಟುಗಳನ್ನು ಇಟ್ಟಿರುತ್ತಾರೆ. ಕೊನೆಗೆ ಅಂಚನ್ನು ಉಜ್ಜಿ ದುಂಡಗೆ ಮಾಡುವುದು. ಹೆಬ್ಬೆರಳಿಗೆ ಇಷ್ಟು ಉಪಚಾರ ಯಾಕೆಂದರೆ ಚೆಂಡು ಬಿಡುವಾಗ ಮೊದಲು ಹೊರಬರಬೇಕಾದ್ದು ಅದೇ. ಅದು ಜಾರಿದ ಮರುಗಳಿಗೆ ಉಳಿದೆರಡು ಬೆರಳು ಚೆಂಡಿಗೆ ತಿರುವು ಕೊಡುತ್ತವೆ. ಹೆಬ್ಬೆರಳು ಎಳೆದಾಡಿಕೊಂಡು ನಿಂತರೆ ತಿರುವೂ ಇಲ್ಲ, ಗುರಿಯೂ ಇಲ್ಲ. ನನ್ನ ಚೆಂಡು 14 ಪೌಂಡಿನದು, ಆರು ಕಿಲೋಗಿಂತ ಹೆಚ್ಚು. ಒಂದು ಹಲಸಿನಹಣ್ಣನ್ನು ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಬೀಸಿದಂತೆ.

ಲೇನಿನ ಮೂಲೆಯಲ್ಲಿ ಬೀಡಾ ಅಂಗಡಿಯಷ್ಟು ಜಾಗದಲ್ಲಿ ಒಬ್ಬ ಹುಡುಗ ಪ್ರೊ ಶಾಪ್ ಇಟ್ಟಿದ್ದ. ಮೂವತ್ತು ದಾಟಿರಲಿಲ್ಲ. ಒಳ್ಳೆಯ ಮಾತು, ಚುರುಕು ಕೈ. ಸಾಲಾಗಿ ತೂತುಗಳಿದ್ದ ಪ್ಲಾಸ್ಟಿಕ್ಕಿನ ಅಳತೆಪಟ್ಟಿಯಲ್ಲಿ ನನ್ನ ಹೆಬ್ಬೆರಳನ್ನು ಒಂದಾದ ಮೇಲೊಂದರಂತೆ ತೂರಿಸಿ ನೋಡಿದ. ಅಕ್ಕಸಾಲಿಗರ ಅಂಗಡಿಯಲ್ಲಿ ಉಂಗುರದ ಗೊಂಚಲು ಹಿಡಿದು ನೋಡುತ್ತಾರಲ್ಲ, ಹಾಗೆ. ಆಮೇಲೆ ಕೈ ಅಗಲಿಸಲು ಹೇಳಿದ. ನಾನು ಅಗಲಿಸಿದೆ. ಸುಮ್ಮನೆ ಅಲ್ಲ, ಬಿಗಿದು, ನರ ಎದ್ದು ಕಾಣುವಷ್ಟು ಚಾಚಿದೆ. ಬೆರಳಿನ ತುದಿಯ ಗೆಣ್ಣಿನವರೆಗೆ ಮಾತ್ರ ಚೆಂಡಿನೊಳಗೆ ಹೋಗುವ ಹಿಡಿತ ಪಳಗಿದವರದು ಎಂದು ಯಾರೋ ಹೇಳಿದ್ದರು. ನನಗೂ ಅದೇ ಬೇಕಿತ್ತು. ನಲವತ್ತರ ಗಂಡಸು ತನ್ನ ಕೈ ದೊಡ್ಡದು ಎಂದು ತೋರಿಸಿಕೊಂಡ ಆ ಗಳಿಗೆ ಈ ಪ್ರಕರಣದ ಮೊದಲ ಪುಟ, ಆದರೆ ಆಗ ನನಗೆ ಅದು ಪುಟವೆಂದೇ ಗೊತ್ತಾಗಲಿಲ್ಲ. ಹುಡುಗ ಅಳೆದ, ಬರೆದುಕೊಂಡ, ಕೊರೆದ. ರಾಳ ಸುಟ್ಟ ವಾಸನೆ. ಹೆಬ್ಬೆರಳಿನ ತೂತು 61/64.

ಎರಡನೇ ಗುರುವಾರವೇ ಹೆಬ್ಬೆರಳು ತೂತಿನಲ್ಲಿ ತಡವರಿಸತೊಡಗಿತು. ಮೂರನೇ ಆಟದ ಹೊತ್ತಿಗೆ ಊದಿಕೊಂಡು, ಹೊರಗೆ ಬರುವಾಗ ಬಾಟಲಿಯ ಬಿರಡೆ ತೆಗೆದಂತೆ ಟಪ್ಪೆಂದು ಸದ್ದು. ನಾನು ಹುಡುಗನ ಬಳಿ ಹೋಗಿ, ತೂತು ಬಿಗಿ, ಸ್ವಲ್ಪ ದೊಡ್ಡದು ಮಾಡು ಎಂದೆ. ಎಷ್ಟು ಎಂದ. ಒಂದು ಪಾಲು ಎಂದೆ. ಎರಡು ನಿಮಿಷದ ಕೆಲಸ, ಮಾಡಿಕೊಟ್ಟ. ದುಡ್ಡೂ ಬೇಡ ಎಂದ. ಒಂದು ವಾರ ಹಾಯೆನಿಸಿತು. ಮರುವಾರ ಮತ್ತೆ ಅದೇ ಊತ, ಅದೇ ಸದ್ದು; ಜೊತೆಗೆ ಗೆಣ್ಣಿನ ಹಿಂಬದಿಯಲ್ಲಿ ಚರ್ಮ ಕೆಂಪಾಗಿ ಜಡ್ಡುಗಟ್ಟಲು ಶುರು. ಇನ್ನೂ ಒಂದು ಪಾಲು. ಆಮೇಲೆ ಇನ್ನೂ ಒಂದು. ಮೂರನೇ ಸಲ ಹುಡುಗ ಕ್ಷಣ ಹೊತ್ತು ಚೆಂಡನ್ನೇ ನೋಡಿದ. ‘ಒಳಗೆ ಟೇಪ್ ಹಾಕಿ ನೋಡ್ತೀರಾ?’ ಎಂದು ಒಂದು ಪೊಟ್ಟಣ ಕೊಟ್ಟ. ಕೈಯ ಊತ ಇಳಿತಕ್ಕೆ ತಕ್ಕಂತೆ ತೂತಿನೊಳಗೆ ಟೇಪಿನ ತುಂಡು ಅಂಟಿಸುವುದು, ಕೀಳುವುದು ಆ ಆಟದವರ ನಿತ್ಯದ ರೂಢಿ. ಅವನು ಹೇಳಿದ್ದು ತಪ್ಪೇನಲ್ಲ. ನನಗೆ ಆ ರಗಳೆ ಬೇಡವಾಗಿತ್ತು. ಪೊಟ್ಟಣ ಬ್ಯಾಗಿನಲ್ಲೇ ಉಳಿಯಿತು.

ನಾನು ಆಗ ಒಂದು ಅಸ್ತ್ರ ಹಿಡಿದೇ ಹೋಗಿದ್ದೆ. ಹೆಬ್ಬೆರಳಿನ ಒಳಮಗ್ಗುಲಲ್ಲಿ, ತೋರುಬೆರಳಿನ ಕಡೆಗೆ, ಚರ್ಮದ ಅಡಿಯಲ್ಲೇ ಒಂದು ಸಣ್ಣ ನರ ಹಾದುಹೋಗುತ್ತದೆ. ತೂತಿನ ಅಂಚು ಅಲ್ಲಿ ಮತ್ತೆ ಮತ್ತೆ ಒತ್ತಿದರೆ ನರದ ಸುತ್ತ ನಾರು ಬೆಳೆದು ದಪ್ಪವಾಗುತ್ತದೆ. ಮುಟ್ಟಿದರೆ ಜೋಮು, ಚುಳುಕು. ವೈದ್ಯರು ಇದಕ್ಕೆ ಬೌಲರ್ಸ್ ಥಂಬ್ ಎಂದೇ ಹೆಸರಿಟ್ಟಿದ್ದಾರೆ. ಅವರು ಹೇಳುವ ಉಪಾಯಗಳಲ್ಲಿ ಆಟಕ್ಕೆ ಬಿಡುವು ಕೊಡುವುದು, ಹೆಬ್ಬೆರಳಿಗೆ ಕವಚ ಹಾಕುವುದು, ತೂತನ್ನು ದೊಡ್ಡದು ಮಾಡುವುದು ಎಲ್ಲ ಇವೆ. ನನಗೆ ಬೇಕಾದ ಕೊನೆಯದನ್ನು ಮಾತ್ರ ಆರಿಸಿಕೊಂಡೆ. ನನಗೆ ಆ ರೋಗ ಇರಲಿಲ್ಲ, ಬರೇ ಊತವಿತ್ತು. ಆದರೆ ಔಷಧಿಯ ಹೆಸರು ಗೊತ್ತಿರುವ ರೋಗಿಯಷ್ಟು ಜೋರು ಬೇರೆ ಯಾರಿಗೂ ಇಲ್ಲ. ನಮ್ಮ ಊರಿನ ಆಸ್ಪತ್ರೆಯಲ್ಲಿ ಹೊಸಿಲು ದಾಟುತ್ತಲೇ ‘ಒಂದು ಇಂಜೆಕ್ಷನ್ ಚುಚ್ಚಿಬಿಡಿ ಡಾಕ್ಟ್ರೇ’ ಎನ್ನುವವರನ್ನು ನೋಡಿ ನಗುತ್ತಿದ್ದವನು ನಾನೇ.

ಮನೆಯಲ್ಲಿ ಲೋಟ ಹಿಡಿಯಲೂ ಎಡಗೈ. ‘ಏನ್ರೀ ಇದು, ಹೆಬ್ಬೆರಳು ಹೆಬ್ಬಲಸಿನ ಕಾಯಿ ಆಗಿದೆ,’ ಎಂದಳು ಹೆಂಡತಿ. ಅರಸೀಕೆರೆಯ ಅಮ್ಮನಿಗೆ ಫೋನಿನಲ್ಲಿ ಸುದ್ದಿ ಹೋಯಿತು. ‘ಗುಂಡುಕಲ್ಲು ಎತ್ತೋಕೆ ಅಷ್ಟು ದೂರ ಹೋಗ್ಬೇಕಿತ್ತೇನಪ್ಪ? ನಮ್ಮ ಮಾರಿಗುಡಿ ಮುಂದೇನೇ ಬಿದ್ದಿತ್ತಲ್ಲ,’ ಎಂದಳು ಅಮ್ಮ.

ಸಹೋದ್ಯೋಗಿಯೊಬ್ಬ ನನ್ನನ್ನು ಇಪ್ಪತ್ತು ಮೈಲಿ ದೂರದ ಇನ್ನೊಂದು ಅಂಗಡಿಗೆ ಕಳಿಸಿದ. ಅಲ್ಲಿದ್ದವರು ಎಪ್ಪತ್ತರ ಆಸುಪಾಸಿನ ಮುದುಕರು. ಮಿಷಿಗನ್ನಿನ ಪಶ್ಚಿಮ ದಡದ ಮಸ್ಕೀಗನ್ ಊರಿನಲ್ಲಿ ಬ್ರನ್ಸ್‌ವಿಕ್ ಕಂಪನಿ ದಶಕಗಳ ಕಾಲ ಚೆಂಡು ತಯಾರಿಸುತ್ತಿತ್ತು. 2006ರಲ್ಲಿ ಆ ಕೆಲಸ ಮೆಕ್ಸಿಕೋದ ರೆನೋಸಾ ಪಟ್ಟಣಕ್ಕೆ ಹೋಯಿತು. ಇವರು ಮಸ್ಕೀಗನ್ನಿನ ಆ ಕೆಲಸದಲ್ಲಿ ಇದ್ದವರಂತೆ. ಗೋಡೆಯ ಮೇಲಿನ ಹಲಗೆಯಲ್ಲಿ ಒಂದು ಮರದ ಚೆಂಡಿತ್ತು. ಲಿಗ್ನಮ್ ವಿಟೆ ಎಂಬ ಕಲ್ಲಿನಂಥ ಮರ. 1905ರಲ್ಲಿ ರಬ್ಬರಿನ ಚೆಂಡು ಬರುವ ತನಕ ಜನ ಆಡುತ್ತಿದ್ದುದು ಅದರಲ್ಲೇ. ಅದರಲ್ಲಿ ಎರಡೇ ತೂತು, ಹೆಬ್ಬೆರಳಿಗೊಂದು, ನಡುಬೆರಳಿಗೊಂದು. ರಬ್ಬರ್, ಪಾಲಿಯೆಸ್ಟರ್, ಯುರೆಥೇನ್, ರಾಳ ಎಂದು ಚೆಂಡಿನ ಮೈ ನಾಲ್ಕು ಸಲ ಬದಲಾಗಿದೆ. ಒಳಗೆ ಹೋಗುವ ಹೆಬ್ಬೆರಳು ಮಾತ್ರ ಅದೇ.

ನಾನು ಚೆಂಡು ಮುಂದಿಟ್ಟು, ಇನ್ನೂ ಒಂದು ಪಾಲು ದೊಡ್ಡದಾಗಬೇಕು ಎಂದೆ.

ಮುದುಕರು ಚೆಂಡನ್ನು ಮುಟ್ಟಲಿಲ್ಲ. ‘ಎಲ್ಲಿ ನೋಯುತ್ತದೆ?’ ಎಂದರು.

ತೂತು ಬಿಗಿ ಎಂದೆ. ಅದನ್ನು ಕೇಳಲಿಲ್ಲ, ಎಲ್ಲಿ ನೋಯುತ್ತದೆ ತೋರಿಸು ಎಂದರು. ತೋರಿಸಿದೆ. ಗೆಣ್ಣಿನ ಹಿಂದಿನ ಜಡ್ಡು ನೋಡಿದರು, ಬುಡದಲ್ಲಿ ಚರ್ಮ ಕಿತ್ತ ಜಾಗ ನೋಡಿದರು, ಬೆರಳುತುದಿಗಳನ್ನು ಒತ್ತಿ ನೋಡಿದರು. ಎತ್ತಿನ ಹೆಗಲಿನ ಗಾಯ ನೋಡಿ ನೊಗದ ಡೊಂಕು ಹೇಳುವವರು ನಮ್ಮಲ್ಲಿದ್ದರು. ಇವರೂ ಅದೇ ಜಾತಿ. ಆಮೇಲೆ ಹೆಬ್ಬೆರಳನ್ನು ಬುಡದವರೆಗೆ ತೂತಿಗೆ ಇಳಿಸಿ, ಉಳಿದ ಬೆರಳುಗಳನ್ನು ಬಿಗಿಯದೆ ಚೆಂಡಿನ ಮೇಲೆ ಸುಮ್ಮನೆ ಮಲಗಿಸಲು ಹೇಳಿದರು. ‘ಸುಮ್ಮನೆ’ ಎಂಬುದನ್ನು ಮೂರು ಸಲ ಹೇಳಬೇಕಾಯಿತು. ಸರಿಯಾದ ಚೆಂಡಿನಲ್ಲಿ ಬೆರಳಿನ ಮೊದಲ ಗೆಣ್ಣಿನ ಗೆರೆ ತೂತಿನ ಹತ್ತಿರದ ಅಂಚನ್ನು ತುಸು ದಾಟಿ ಬೀಳಬೇಕು. ನನ್ನದು ಅಂಚಿಗೆ ಈಚೆಯೇ ನಿಂತಿತ್ತು.

ಸ್ಪ್ಯಾನ್ ಕಾಲು ಅಂಗುಲ ಉದ್ದ. ಬೆರಳುಗಳು ತಮ್ಮ ತೂತು ಮುಟ್ಟಬೇಕಾದರೆ ಹೆಬ್ಬೆರಳು ಮೇಲಕ್ಕೆ ಸರಿಯಲೇಬೇಕು. ಅಂದರೆ ನನ್ನ ಹೆಬ್ಬೆರಳು ಒಂದು ದಿನವೂ ಪೂರ್ತಿ ಒಳಗೆ ಇಳಿದಿರಲಿಲ್ಲ. ಅರ್ಧ ಇಳಿದ ಬೆರಳಿಗೆ ಚೆಂಡು ಬಿದ್ದೀತೆಂಬ ಭಯ. ಭಯಕ್ಕೆ ಅದು ಗೆಣ್ಣು ಮಡಚಿ ಹಿಚುಕುತ್ತದೆ. ಹಿಚುಕಿದ್ದಕ್ಕೆ ಊದುತ್ತದೆ. ಊದಿದ್ದಕ್ಕೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡಿತೆಂದು ನಾನು ತೂತು ದೊಡ್ಡದು ಮಾಡಿಸಿದೆ. ದೊಡ್ಡ ತೂತಿನಲ್ಲಿ ಹಿಡಿತ ಸಾಲದೆ ಬೆರಳು ಇನ್ನಷ್ಟು ಹಿಚುಕಿತು. ಛತ್ರದ ಚಾಪೆ ಬೇಡವೆಂದು ಹೊರಟವನು ದುಡ್ಡು ಕೊಟ್ಟು ಅದನ್ನೇ ಹೊಲಿಸಿಕೊಂಡಿದ್ದೆ.

ಮುದುಕರು ಹಳೆಯ ಅಳತೆಯ ಕಾರ್ಡು ತಂದುಕೊಡು ಎಂದರು. ಪ್ರತಿ ಡ್ರಿಲ್ಲರನೂ ಗಿರಾಕಿಯ ಹೆಸರಲ್ಲಿ ಒಂದು ಕಾರ್ಡು ಇಡುತ್ತಾನೆಂದು ನನಗೆ ಗೊತ್ತೇ ಇರಲಿಲ್ಲ. ಮರುದಿನ ಹುಡುಗನ ಬಳಿ ಹೋಗಿ ಕೇಳಿದೆ. ಯಾಕೆಂದು ಕೇಳದೆ ಡಬ್ಬಿಯಿಂದ ಹುಡುಕಿ ಕೊಟ್ಟ. ಕಾರಿನಲ್ಲಿ ಕೂತು ಓದಿದೆ. ಗ್ರಾಹಕರು ಕೇಳಿದ್ದು. ಗ್ರಾಹಕರು ಕೇಳಿದ್ದು. ಗ್ರಾಹಕರು ಕೇಳಿದ್ದು.

ಮೊದಲು ಬಂದದ್ದು ಸಿಟ್ಟು. ಅವನಿಗೆ ಗೊತ್ತಿತ್ತು! ಗೊತ್ತಿಲ್ಲದಿದ್ದರೆ ಯಾಕೆ ಬರೆಯಬೇಕು? ಕೆಲಸ ಸರಿಯಿದ್ದಾಗ ಯಾರೂ ಹಾಗೆ ಬರೆದಿಡುವುದಿಲ್ಲ. ಮುಂದೆ ಎಂದಾದರೂ ನ್ಯಾಯ ಕೇಳುವವರು ಬಂದರೆ ತೋರಿಸಲು ಇಟ್ಟ ಚೀಟಿ ಅದು. ಎರಡು ನಿಮಿಷದ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಟ್ಟನೆಂದು ನಾನು ಮೆಚ್ಚಿಕೊಂಡಿದ್ದೆ. ಈಗ ಆ ಬಿಟ್ಟಿಯೂ ಅನುಮಾನ ಹುಟ್ಟಿಸಿತು. ತೆಗೆದ ರಾಳವನ್ನು ಮರಳಿ ಸೇರಿಸಲು ಬರುವುದಿಲ್ಲ. ಹಿಗ್ಗಿದ ತೂತನ್ನು ಕುಗ್ಗಿಸಬೇಕಾದರೆ ಅದನ್ನು ದ್ರವ ರಾಳದಿಂದ ಮುಚ್ಚಿ, ರಾತ್ರಿಯಿಡೀ ಗಟ್ಟಿಯಾಗಲು ಬಿಟ್ಟು, ಉಜ್ಜಿ, ಹೊಸದಾಗಿ ಕೊರೆಯಬೇಕು. ಅದಕ್ಕೆ ಮುದುಕರು ಸರಿಯಾಗೇ ದುಡ್ಡು ತೆಗೆದುಕೊಂಡರು.

ಈ ಸಿಟ್ಟಿನ ನಡುವೆ ನನಗೆ ನೆನಪಾದವರು ನಮ್ಮೂರಿಗೆ ಬರುತ್ತಿದ್ದ ಬಳೆಗಾರ ತಾತ. ಹೆಗಲ ಮೇಲೆ ಮಲಾರ ಹೊತ್ತು ಬಂದು ಜಗುಲಿಯ ಮೇಲೆ ಇಳಿಸಿದರೆ ಬೀದಿಯ ಹೆಣ್ಣುಮಕ್ಕಳೆಲ್ಲ ಅಲ್ಲಿ. ಬಳೆಗೆ ಎರಡು-ನಾಲ್ಕು, ಎರಡು-ಆರು ಎಂದು ಅಳತೆ ಹೇಳುತ್ತಾರಲ್ಲ, ಅದು ಎರಡು ಅಂಗುಲದ ಮೇಲೆ ಹದಿನಾರರಲ್ಲಿ ನಾಲ್ಕು ಪಾಲು, ಆರು ಪಾಲು ಎಂದು ನನಗೆ ತಿಳಿದದ್ದು ಎಂಜಿನಿಯರಾದ ಮೇಲೆ. ತಾತನಿಗೆ ಅಂಕಿ ಬೇಕಿರಲಿಲ್ಲ. ಅಕ್ಕನ ಕೈ ಹಿಡಿದು, ಹೆಬ್ಬೆರಳನ್ನು ಅಂಗೈಗೆ ಮಡಚಿ ಒಮ್ಮೆ ಹಿಸುಕಿದರೆ ಸಾಕು. ಗೆಣ್ಣುಗಳ ಮೇಲೆ ಬಳೆ ಹತ್ತುವಾಗ ಅಕ್ಕ ಚೀರುತ್ತಿದ್ದಳು.

‘ಅಯ್ಯೋ ತಾತ, ನೋಯ್ತದೆ, ದೊಡ್ಡದು ಹಾಕಿ.’

‘ನೋಯಾದು ಗೆಣ್ಣಿಗೆ ಕಣವ್ವ, ಬಳೆ ಇರಾದು ಮಣಿಕಟ್ಟಿನಾಗೆ. ದೊಡ್ಡದಾಕಿದ್ರೆ ನಾಳೀಕೆ ಸೇದೋ ಬಾವಿತಾವ ಬಡ್ದು ಚೂರಾಯ್ತದೆ. ಉಸ್ರು ಬಿಡು, ಕೈ ಸಡ್ಲ ಬಿಡು.’

ಹೆಬ್ಬೆರಳಿನದೂ ಇದೇ ಪಾಡು. ಹಲವರಿಗೆ ಅದರ ಗೆಣ್ಣು ಬುಡಕ್ಕಿಂತ ದಪ್ಪ. ಗೆಣ್ಣು ದಾಟಬೇಕು, ದಾಟಿದ ಮೇಲೆ ಬುಡದಲ್ಲಿ ಸಡಿಲವಾಗಲೂ ಬಾರದು. ತಾತ ಅಕ್ಕನ ಮಾತು ಕೇಳಲಿಲ್ಲ; ಅವಳ ಕೈಯ ಮಾತು ಕೇಳಿದರು. ಹಾಗೆಂದು ತಾತನನ್ನೂ ಮುದುಕರನ್ನೂ ಒಂದು ಕಡೆ ನಿಲ್ಲಿಸಿ, ಹುಡುಗನನ್ನು ಎದುರಿಗೆ ನಿಲ್ಲಿಸಿ, ತೀರ್ಪು ಕೊಟ್ಟು ಮುಗಿಸಿಬಿಡಬಹುದಿತ್ತು. ಎರಡು ದಿನ ಹಾಗೇ ಮಾಡಿದ್ದೆ ಕೂಡ.

ಆದರೆ ಬಳೆಗಾರ ತಾತನಿಗೆ ಪೈಪೋಟಿ ಇರಲಿಲ್ಲ. ಆ ಹೋಬಳಿಗೇ ಅವರೊಬ್ಬರು. ಮುದುಕರಿಗೆ ಪಿಂಚಣಿಯಿತ್ತು, ಅಂಗಡಿ ಸ್ವಂತದ್ದು. ನಾನು ಎದ್ದು ಹೋಗಿದ್ದರೂ ಅವರ ಊಟಕ್ಕೆ ತೊಂದರೆಯಿರಲಿಲ್ಲ. ಆ ಹುಡುಗ ಲೇನಿಗೆ ಬಾಡಿಗೆ ಕಟ್ಟುತ್ತಿದ್ದ. ಆ ಚಳಿಗಾಲ ಡೆಟ್ರಾಯಿಟ್ ಸುತ್ತ ಕೆಲಸ ಕಳೆದುಕೊಂಡವರು ಮೊದಲು ಬಿಟ್ಟದ್ದೇ ಇಂಥ ಖರ್ಚುಗಳನ್ನು. ಬಂದ ಒಬ್ಬ ಗಿರಾಕಿಗೆ, ಅದೂ ವೈದ್ಯರ ಮಾತನ್ನು ಹಿಡಿದು ವಾದಿಸುವ ಗಿರಾಕಿಗೆ, ‘ಆಗುವುದಿಲ್ಲ’ ಎನ್ನಲು ಅವನಲ್ಲಿ ಏನಿತ್ತು? ಇಲ್ಲ ಎನ್ನುವ ಬಾಯಿಯ ಹಿಂದೆ ಒಂದು ತುಂಬಿದ ಕಣಜ ಇರಬೇಕಾಗುತ್ತದೆ, ಹಲವು ಸಲ. ಇನ್ನೂ ಒಂದು ಮಾತು: ಮುದುಕರ ಪ್ರಶ್ನೆಗೆ ನಾನು ತಾಳ್ಮೆಯಿಂದ ಕೂತದ್ದು ನನ್ನ ಕೈ ಊದಿದ್ದರಿಂದ. ಮೊದಲ ವಾರವೇ ಅವರು ಹಾಗೆ ಗದರಿದ್ದರೆ ನಾನು ಚೆಂಡು ಎತ್ತಿಕೊಂಡು ಈ ಹುಡುಗನ ಬಳಿಗೇ ಓಡಿಬರುತ್ತಿದ್ದೆ.

ಹಾಗಾದರೆ ಹುಡುಗ ನಿರ್ದೋಷಿಯೇ? ಅಲ್ಲಿಗೂ ಮನಸ್ಸು ಒಪ್ಪುವುದಿಲ್ಲ. ಅವನು ನನ್ನ ಮಾತಿಗೆ ಮಣಿದದ್ದು ದೊಡ್ಡ ತಪ್ಪೆಂದು ನನಗೀಗ ಅನಿಸುವುದಿಲ್ಲ. ಅವನ ನಿಜವಾದ ತಪ್ಪು ಮೊದಲ ದಿನದ್ದು, ಬಿಗಿದು ಚಾಚಿದ ಕೈಯನ್ನು ಸಡಿಲಿಸು ಎನ್ನದೆ ಅಳೆದದ್ದು. ಆ ತಪ್ಪನ್ನು ತಿದ್ದಲು ಅವನಿಗೆ ಮೂರು ಅವಕಾಶ ಬಂತು. ಮೂರು ಸಲವೂ ನಾನು ಹೋಗಿ ತೂತಿನ ಅಗಲವನ್ನೇ ತೋರಿಸಿದೆ. ಅಗಲವನ್ನೇ ತೋರಿಸುವ ಗಿರಾಕಿ ಇರುವಾಗ ಸ್ಪ್ಯಾನನ್ನು ಮತ್ತೆ ಅಳೆಯುವ ಗೋಜು ಯಾರಿಗೆ ಬೇಕು? ನನ್ನ ಬೇಡಿಕೆ ಅವನ ತಪ್ಪಿಗೆ ಹೊದಿಕೆಯಾಯಿತು, ಅವನ ಔದಾರ್ಯ ನನ್ನ ಅಹಂಕಾರಕ್ಕೆ ಹೊದಿಕೆಯಾಯಿತು. ಇಬ್ಬರೂ ಒಂದೇ ಕಂಬಳಿಯ ಕೆಳಗೆ ಬೆಚ್ಚಗಿದ್ದೆವು, ಹೆಬ್ಬೆರಳೊಂದನ್ನು ಬಿಟ್ಟು.

ಆ ಕಾರ್ಡಿನ ಮಾತು ಯಾಕೆ ನನ್ನನ್ನು ಅಷ್ಟು ಚುಚ್ಚಿತು ಎಂಬುದು ಇನ್ನೊಂದು ವಾರಕ್ಕೆ ಆಫೀಸಿನಲ್ಲಿ ಗೊತ್ತಾಯಿತು. ಹಳೆಯ ಫೈಲೊಂದನ್ನು ಹುಡುಕುತ್ತಿದ್ದೆ. ಒಂದು ಕಬ್ಬಿಣದ ಬ್ರಾಕೆಟ್ಟು, ಅದರಲ್ಲಿ ಒಂದು ತೂತು, ತೂತಿಗೊಂದು ಪಿನ್. ಗಿರಾಕಿ ಕಂಪನಿ ಕಳಿಸಿದ ನಕ್ಷೆಯಲ್ಲಿ ಆ ತೂತಿಗೆ ಕೊಟ್ಟ ಅಳತೆ ಬಿಗಿಯಾಯಿತೆಂದು ನನಗೆ ಮೊದಲ ನೋಟಕ್ಕೇ ಅನಿಸಿತ್ತು. ಹೇಳಿದರೆ ಸಭೆ, ಸಭೆಯ ಮೇಲೆ ಸಭೆ, ಕೆಲಸ ಒಂದು ತಿಂಗಳು ಹಿಂದಕ್ಕೆ. ಫೈಲಿನ ಅಂಚಿನಲ್ಲಿ ನನ್ನದೇ ಕೈಬರಹ: ಗ್ರಾಹಕರ ನಕ್ಷೆಯಂತೆ. ಕೆಳಗೆ ರುಜು. ಅನಾಹುತವೇನೂ ಆಗಲಿಲ್ಲ. ಜೋಡಣೆ ಸಾಲಿನಲ್ಲಿ ನಿಂತವರು ಒಂದಷ್ಟು ತಿಂಗಳು ಆ ಪಿನ್ನನ್ನು ರಬ್ಬರ್ ಸುತ್ತಿಗೆಯಿಂದ ಬಡಿದು ಕೂರಿಸಿದರು, ಮರುವರ್ಷ ನಕ್ಷೆ ತಿದ್ದಿ ಬಂತು. ದಿನಕ್ಕೆ ನೂರಾರು ಸಲ ಸುತ್ತಿಗೆ ಎತ್ತಿದ ಆ ಕೈಗಳು ಯಾರವು, ಅವರ ಗೆಣ್ಣು ಹೇಗಿತ್ತು ಎಂದು ನಾನು ಕೇಳಿರಲಿಲ್ಲ. ಹುಡುಗನಿಗೆ ಕನಿಷ್ಠ ನನ್ನ ಮುಖ ಗೊತ್ತಿತ್ತು.

ಬರೆದಿಡುವುದು ಪ್ರಾಮಾಣಿಕತೆಯೋ, ಕೈತೊಳೆದುಕೊಳ್ಳುವುದೋ? ಒಂದೇ ಶಾಯಿ ಎರಡನ್ನೂ ಮಾಡುತ್ತದೆ. ಕೇಳಿದ ಕೂಡಲೇ ಆ ಕಾರ್ಡನ್ನು ಹುಡುಗ ತೆಗೆದು ಕೊಟ್ಟನಲ್ಲ, ಅದನ್ನು ಅವನ ಪರವಾಗಿ ಹಾಕುತ್ತೇನೆ. ಬೇಕಿದ್ದರೆ ಕಳೆದುಹೋಗಿದೆ ಎನ್ನಬಹುದಿತ್ತು.

ಈ ರಗಳೆಯೇ ಬೇಡವೆಂದು ಹೆಬ್ಬೆರಳಿನ ತೂತನ್ನೇ ಕೈಬಿಟ್ಟವರೂ ಉಂಟು. ಅಮೆರಿಕದ ಈಶಾನ್ಯದ ರಾಜ್ಯಗಳಲ್ಲಿ ಕ್ಯಾಂಡಲ್‌ಪಿನ್ ಎಂಬ ಹಳೆಯ ಆಟವಿದೆ. ಅದರ ಚೆಂಡು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು, ತೂತೇ ಇಲ್ಲ. ಆಸ್ಟ್ರೇಲಿಯಾದ ಜೇಸನ್ ಬೆಲ್ಮಾಂಟೆ ಎಳೆಯ ಮಗುವಾಗಿದ್ದಾಗ ಅವನ ಹೆತ್ತವರು ಆರೆಂಜ್ ಎಂಬ ಊರಿನಲ್ಲಿ ಬೌಲಿಂಗ್ ಕೇಂದ್ರ ತೆರೆದರು. ಒಂದು ಕೈಯಲ್ಲಿ ಚೆಂಡು ಎತ್ತಲಾಗದ ಮಗು ಎರಡೂ ಕೈಯಲ್ಲಿ ಉರುಳಿಸಿತು. ದೊಡ್ಡವನಾದ ಮೇಲೂ ಹಾಗೇ, ಹೆಬ್ಬೆರಳನ್ನು ಒಳಗೆ ಹಾಕದೆ, ಎರಡು ಕೈಯಲ್ಲಿ ಆಡಿ ಜಗತ್ತಿನ ದೊಡ್ಡ ಪ್ರಶಸ್ತಿಗಳನ್ನೆಲ್ಲ ಗುಡ್ಡೆ ಹಾಕಿಕೊಂಡ. ಏಕಲವ್ಯನ ಕಥೆ ಕೇಳಿ ಬೆಳೆದ ನನಗೆ ಹೆಬ್ಬೆರಳು ಬಿಟ್ಟು ಗೆದ್ದವನನ್ನು ಕಂಡು ವಿಚಿತ್ರ ಖುಷಿ. 2020ರ ಆಗಸ್ಟ್ 1ರಿಂದ ಅಮೆರಿಕದ ಬೌಲಿಂಗ್ ಸಂಸ್ಥೆ ಒಂದು ನಿಯಮವನ್ನೂ ತಂದಿತು: ಚೆಂಡಿನಲ್ಲಿರುವ ಪ್ರತಿ ತೂತೂ ಹಿಡಿತಕ್ಕೆ ಬಳಕೆಯಾಗಬೇಕು. ಹೆಬ್ಬೆರಳು ಹಾಕದವನ ಚೆಂಡಿನಲ್ಲಿ ಹೆಬ್ಬೆರಳಿನ ತೂತು ಇರುವಂತಿಲ್ಲ. ನನಗೆ ಈ ದಾರಿ ಹೊಳೆಯಲಿಲ್ಲ, ಹೊಳೆದಿದ್ದರೂ ನನ್ನ ಸೊಂಟ ಒಪ್ಪುತ್ತಿರಲಿಲ್ಲ.

ನನ್ನ ಚೆಂಡನ್ನು ಕೈಗೆ ಅಚ್ಚೊತ್ತಿದ ಹಾಗೆ ಮಾಡಿಕೊಟ್ಟರು ಮುದುಕರು. ಮೂರೂ ತೂತು ಮುಚ್ಚಿ, ಸ್ಪ್ಯಾನ್ ಕಡಿಮೆ ಮಾಡಿ, ಹೆಬ್ಬೆರಳಿನ ತೂತನ್ನು ಒಂದಿಷ್ಟು ಆಚೆಗೆ ವಾಲಿಸಿ ಕೊರೆದರು. ಅಗಲ ಮತ್ತೆ 31/32ಕ್ಕೆ ಬಂದು ನಿಂತಿತು, ಒಳಗೆ ಎರಡು ತುಂಡು ಟೇಪಿನೊಂದಿಗೆ. ಹುಡುಗ ಕೊಟ್ಟ ಪೊಟ್ಟಣದ ಟೇಪೇ ಅದು. ನೀಲಿ ಚೆಂಡಿನ ಮೇಲೆ ಹಳೆಯ ತೂತುಗಳ ಜಾಗದಲ್ಲಿ ಬೇರೆ ಬಣ್ಣದ ಅರೆಚಂದ್ರಗಳು ಉಳಿದವು. ಮೊದಲ ಸಲ ಹೆಬ್ಬೆರಳು ಬುಡದವರೆಗೆ ಇಳಿದಾಗ, ಚೆಂಡು ಬಿದ್ದುಹೋಗುತ್ತದೆಂದು ಹೆದರಿ ಹಳೆಯ ಅಭ್ಯಾಸಕ್ಕೆ ಹಿಚುಕಿದೆ. ಅದು ಬಿಡಲು ತಿಂಗಳು ಹಿಡಿಯಿತು. ನನ್ನ ಆಟ ಸುಧಾರಿಸಿತೇ ಎಂದು ಕೇಳಬೇಡಿ.

ಮುಂದಿನ ಚಳಿಗಾಲ ಎರಡನೇ ಚೆಂಡು ಕೊಂಡೆ. ಅದನ್ನು ಯಾರ ಬಳಿ ಕೊರೆಸುವುದು ಎಂದು ಮೂರು ದಿನ ಯೋಚಿಸಿದೆ. ಹೆಂಡತಿ, ‘ಆ ಅಜ್ಜನ ಹತ್ರಾನೇ ಹೋಗ್ರೀ, ಮತ್ತೆ ಯಾಕೆ ಆ ಹುಡುಗನ ಸಹವಾಸ?’ ಎಂದಳು. ಅವಳ ಮಾತೇ ಸರಿ. ಆದರೂ ಗುರುವಾರ ಆಟ ಮುಗಿಸಿ ಹುಡುಗನ ಗೂಡಿನ ಮುಂದೆ ನಿಂತೆ. ಅವನು ನನ್ನನ್ನು ಗುರುತಿಸಿದ. ನನ್ನ ಹಳೆಯ ಚೆಂಡಿನ ಮೇಲಿನ ಅರೆಚಂದ್ರಗಳನ್ನೂ ನೋಡಿದ, ಏನೂ ಹೇಳಲಿಲ್ಲ. ಹೊಸ ಚೆಂಡನ್ನು ಕೌಂಟರಿನ ಮೇಲಿಟ್ಟೆ.

‘ನಿಮ್ಮ ಕಾರ್ಡು ತಂದಿದ್ದೀರಾ? ಅದೇ ಅಳತೆಗೆ ಕೊರೆದುಬಿಡ್ತೀನಿ, ಅರ್ಧ ಗಂಟೆ ಸಾಕು,’ ಎಂದ. ಗೋಡೆಯ ಗಡಿಯಾರದಲ್ಲಿ ಎಂಟೂ ಮುಕ್ಕಾಲು. ಒಂಬತ್ತಕ್ಕೆ ಅವನ ಅಂಗಡಿ ಮುಚ್ಚಬೇಕು.

ಇಲ್ಲ, ಎಂದೆ. ಕಾರ್ಡು ಜೇಬಿನಲ್ಲೇ ಇತ್ತು.

ಅವನು ಒಮ್ಮೆ ಗಡಿಯಾರ ನೋಡಿದ. ಆಮೇಲೆ ಕಾಲಿನಿಂದ ಸ್ಟೂಲನ್ನು ನನ್ನ ಕಡೆಗೆ ತಳ್ಳಿ, ಅಳತೆಪಟ್ಟಿ ತರಲು ಒಳಗೆ ಹೋದ.